ಬೇರಿಲ್ಲದ ಗಿಡಕ್ಕೆ ಚೀಲ ಬಂದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದು ಅಂದರೆ, ಬೆಟ್ಟಗಳನ್ನು ಇಟ್ಟಲ್ಲಿ ಇನ್ನೂ ಒತ್ತಿ ಕೂರಿಸಿರಲಿಲ್ಲ. ಹೊಳೆಗಳು ಎಡಕ್ಕೆ ತಿರುಗುವುದೋ ಬಲಕ್ಕೋ ಎಂದು ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳುತ್ತಾ ಹೋಗುತ್ತಿದ್ದವು. ಕಪ್ಪೆಗೆ ಮಾತು ಬಂದಿತ್ತು, ಮಾತು ನಿಲ್ಲಿಸುವುದು ಬಂದಿರಲಿಲ್ಲ.

ಆಗ ಗಿಡಮರಗಳಿಗೆ ಜಾಗ ಹಂಚುವ ಕೆಲಸ ನೆಲದಮ್ಮನದು. ಮೊದಲ ಮಳೆ ಬಿದ್ದ ದಿನ ಅವಳು ಒಂದು ದಿಬ್ಬದ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದಳು. ಅವಳ ಕಟ್ಟಳೆ ಸರಳ: ಬೇರು ತೋರಿಸು, ಜಾಗ ಕೇಳು, ಬೇರು ಊರು, ಜಾಗ ನಿನ್ನದು.

ಭತ್ತ ಕೆಸರು ಕೇಳಿತು. ಹಲಸು ಆಳದ ಮಣ್ಣು ಕೇಳಿತು. ಬಾಳೆ, ಮನುಷ್ಯರ ಬಚ್ಚಲ ನೀರು ಹರಿಯುವ ಮೂಲೆ ಕೇಳಿತು. ಅದಕ್ಕೆ ಹುಟ್ಟಿದಾಗಿನಿಂದ ಊಟದ್ದೇ ಯೋಚನೆ. ನಾಚಿಕೆಮುಳ್ಳು ದಾರಿಯ ಬದಿ ಕೇಳಿತು. ಅಷ್ಟು ನಾಚಿಕೆ ಇರುವವರು ಜನ ಓಡಾಡುವ ದಾರಿಯನ್ನೇ ಯಾಕೆ ಕೇಳಿದರು ಎಂದು ನೆಲದಮ್ಮನಿಗೂ ತಿಳಿಯಲಿಲ್ಲ. ಕೇಳಿದ್ದನ್ನು ಕೊಟ್ಟಳು.

ಎಲ್ಲರ ಕೊನೆಗೆ ಒಂದು ಗಿಡ ಬಂತು. ಗಿಡ ಎನ್ನುವುದಕ್ಕಿಂತ ನಾಲ್ಕು ಹಸಿರು ಎಳೆ ಎನ್ನಬೇಕು. ಎಲ್ಲರೂ ಅದನ್ನು ಸಣ್ಣಿ ಅನ್ನುತ್ತಿದ್ದರು.

“ಬೇರು ತೋರಿಸು” ಅಂದಳು ನೆಲದಮ್ಮ.

“ಬೇರು ಇಲ್ಲಮ್ಮ.”

“ಮರೆತು ಬಂದೆಯಾ?”

“ಇಲ್ಲ. ನಾನು ಇರುವುದೇ ಹೀಗೆ.”

ಗಿಡಮರಗಳೆಲ್ಲ ಎಲೆ ಅಲ್ಲಾಡಿಸಿ ನಕ್ಕವು. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಕಾಲೇ ಇಲ್ಲದವರಿಗೆ ಹಾಸಿಗೆ ಯಾಕಪ್ಪಾ?” ಅಂದಿತು ಬಾಳೆ.

ನೆಲದಮ್ಮ ನಗಲಿಲ್ಲ. ಅವಳಿಗೆ ಹಂಚುವ ಕೆಲಸ ಮುಗಿಯಬೇಕಿತ್ತು. “ಬೇರಿಲ್ಲದವರು ಜಾಗ ಹಿಡಿದು ನಿಲ್ಲುತ್ತಾರೆ ಅಂತ ನಾನು ಹೇಗೆ ನಂಬಲಿ? ನಿನ್ನ ಪರವಾಗಿ ಯಾರಾದರೂ ಹೊಣೆ ನಿಲ್ಲಲಿ. ಮಳೆಗಾಲ ಮುಗಿಸುವ ಚಿತ್ತೆ ಮಳೆಯ ಕೊನೆಯ ಹನಿ ಬೀಳುವುದರೊಳಗೆ ನೀನು ಹೂ ಬಿಟ್ಟು ಬೀಜ ಉದುರಿಸಿ ತೋರಿಸಿದರೆ, ಉದುರಿಸಿದ ಜಾಗ ನಿನ್ನದು. ಇಲ್ಲದಿದ್ದರೆ ನಿನ್ನ ಕುಲಕ್ಕೆ ಈ ಲೋಕದಲ್ಲಿ ಜಾಗವಿಲ್ಲ.”

ಯಾರೂ ಮುಂದೆ ಬರಲಿಲ್ಲ. ಜರಿಗಿಡ ಬೇರೆ ಕಡೆ ನೋಡಿತು. ಭತ್ತ ತಲೆ ತಗ್ಗಿಸಿತು.

ಆ ಗುಂಪಿನ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಹೆಸರು ದೂಮಕ್ಕ. ಕೂಳಿ ನೇಯುವುದು ಅವಳ ಕಸುಬು. ಕೂಳಿ ಅಂದರೆ ಬಿದಿರಿನ ಮೀನುಬುಟ್ಟಿ: ಮಳೆಗಾಲದಲ್ಲಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಇಟ್ಟರೆ ಮೀನು ಒಳಗೆ ಹೋಗುತ್ತದೆ, ಹೊರಗೆ ಬರಲು ಆಗುವುದಿಲ್ಲ. ಅವಳು ಕೂಳಿ ನೇಯ್ದು ಕೊಡುತ್ತಿದ್ದಳು, ಜನ ಅವಳಿಗೆ ಅಕ್ಕಿಯೋ ಉಪ್ಪೋ ಕೊಡುತ್ತಿದ್ದರು. ಅವಳಿಗೆ ಹೊಳೆಯ ತಿರುವಿನಲ್ಲಿದ್ದ ಬಿದಿರಮೆಳೆಯ ಮೇಲೆ ಬಹಳ ದಿನದಿಂದ ಕಣ್ಣು. ಅದನ್ನು ಕೇಳಲೆಂದೇ ಬಂದಿದ್ದಳು.

ದೂಮಕ್ಕ ಸಣ್ಣಿಯನ್ನು ಮೇಲಿಂದ ಕೆಳಗೆ ನೋಡಿದಳು. ನೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಷ್ಟು ಸಣ್ಣ ಜೀವ ಎಷ್ಟು ತಿಂದೀತು? ಒಂದು ತೆಂಗಿನ ಗೆರಟೆ ನೀರು, ಒಂದು ಹಿಡಿ ಗೊಬ್ಬರ. ಮಳೆಗಾಲ ಕಳೆಯುವಷ್ಟರಲ್ಲಿ ಒಂದಲ್ಲ ನಾಲ್ಕು ಹೂ ಬಿಟ್ಟೀತು.

“ನಾನು ಹೊಣೆ ನಿಲ್ತೇನೆ ಅಮ್ಮ” ಅಂದಳು. “ಆದರೆ ಹೊಳೆ ತಿರುವಿನ ಬಿದಿರು ನನಗೆ ಬಿಡಬೇಕು.”

“ಬಿಟ್ಟೆ” ಅಂದಳು ನೆಲದಮ್ಮ. ಅವಳೂ ಕಡಿಮೆಯವಳಲ್ಲ. “ಗಿಡ ಸೋತರೆ ಬಿದಿರು ವಾಪಸು. ಜೊತೆಗೆ ನೀನು ಈಗ ಕೂಳಿ ಇಡುವ ತೋಡೂ ನನಗೆ ಬರಬೇಕು.”

 ತೋಡು ಹೋದರೆ ಕಸುಬು ಹೋಯಿತು, ಕಸುಬು ಹೋದರೆ ಒಲೆ ಆರಿತು. ಆದರೆ ಅಷ್ಟು ಜನರ ಎದುರು ಬಾಯಿಂದ ಬಿದ್ದ ಮಾತು. ದೂಮಕ್ಕ ತಲೆಯಾಡಿಸಿ, ಸಣ್ಣಿಯನ್ನು ಒಂದು ಗೆರಟೆಯಲ್ಲಿ ಇಟ್ಟುಕೊಂಡು ಮನೆಗೆ ನಡೆದಳು.

ಮನೆಯ ಜಗಲಿಯಲ್ಲಿ ಅವಳ ಗಂಡ ಮುಂಡಪ್ಪ ಬಿದಿರು ಸೀಳುತ್ತಿದ್ದ. ಗೆರಟೆಯೊಳಗೆ ಇಣುಕಿದ.

“ಎಂಥ ಇದು? ಪಲ್ಯಕ್ಕಾ?”

“ಸುಮ್ಮನಿರಿ ನೀವು. ಇದಕ್ಕೆ ನಾನು ಹೊಣೆ ನಿಂತಿದ್ದೇನೆ.”

ಎಲ್ಲ ಕೇಳಿದ ಮೇಲೆ ಮುಂಡಪ್ಪ ಕತ್ತಿ ಕೆಳಗಿಟ್ಟ. “ತೋಡು ಹೋದರೆ ನಾವು ಏನು ತಿನ್ನುವುದು ಮಾರಾಯ್ತಿ? ಬಿದಿರಾ?”

“ಹೋಗುವುದಿಲ್ಲ. ಕೊಟ್ಟರೆ ಬೆಳೆಯದ ಜೀವ ಉಂಟಾ?”

ಅದು ದೂಮಕ್ಕನ ನಂಬಿಕೆ. ಕೊಟ್ಟಷ್ಟು ಬೆಳೆಯುತ್ತದೆ. ಅವಳು ಸಣ್ಣಿಯನ್ನು ಬಚ್ಚಲ ಹಿಂದೆ, ಬಾಳೆಯ ಬುಡದಲ್ಲಿ, ದಟ್ಟ ನೆರಳಿನಲ್ಲಿ ಇಟ್ಟಳು. ಬೆಳಗ್ಗೆ ಸೆಗಣಿ ನೀರು ಹೊಯ್ದಳು. ಮಧ್ಯಾಹ್ನ ಅಕ್ಕಿ ತೊಳೆದ ನೀರು ಹೊಯ್ದಳು. ಸಂಜೆ ಮೀನು ತೊಳೆದ ನೀರು ಹೊಯ್ದಳು.

“ಸಾಕು ದೂಮಕ್ಕ” ಅಂದಿತು ಸಣ್ಣಿ.

ದೂಮಕ್ಕ ಇನ್ನೊಂದು ಚಿಪ್ಪು ಹೊಯ್ದಳು.

ಇದರಲ್ಲಿ ಅವಳ ತಪ್ಪು ಪೂರ್ತಿ ಅಲ್ಲ. ಆ ಸೀಮೆಯ ರೂಢಿಯೇ ಹಾಗೆ. ಉಣ್ಣಲು ಕೂತ ನೆಂಟರು ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಅಂದರೆ ಸಾಕು ಅಂತ ಅರ್ಥವಲ್ಲ. ಬಡಿಸುವವರು ಬೆರಳ ಸಂದಿಯಿಂದಾದರೂ ಮತ್ತೊಂದು ಸೌಟು ಇಳಿಸಬೇಕು. ಮೊದಲ ‘ಸಾಕು’ಗೇ ಸೌಟು ತಿರುಗಿಸಿದರೆ ಆ ಮನೆಗೆ ಜಿಪುಣರ ಮನೆ ಎಂದು ಹೆಸರು ಬೀಳುತ್ತದೆ, ಆ ಮನೆಗೆ ಹೆಣ್ಣು ಕೊಡುವವರೂ ಯೋಚನೆ ಮಾಡುತ್ತಾರೆ.

ಹಾಗಾಗಿ ಸಣ್ಣಿ ‘ಸಾಕು’ ಅಂದಷ್ಟೂ ದೂಮಕ್ಕನಿಗೆ ಅದರ ಮೇಲೆ ಗೌರವ ಹೆಚ್ಚಿತು. “ನೋಡಿ, ಎಷ್ಟು ಮರ್ಯಾದೆ ಗೊತ್ತುಂಟು ಇದಕ್ಕೆ” ಅಂತ ಗಂಡನಿಗೆ ಹೇಳಿದಳು. ಹೇಳಿ ಇನ್ನೊಂದು ಚಿಪ್ಪು ಹೊಯ್ದಳು.

ಬಾಳೆ ಪಕ್ಕದಲ್ಲಿ ನಿಂತು ಚಪ್ಪರಿಸಿ ಕುಡಿಯಿತು, ಆಳೆತ್ತರ ಬೆಳೆಯಿತು. ಸಣ್ಣಿ ಹಳದಿಯಾಯಿತು. ಗೆರಟೆಯ ನೀರಿನಲ್ಲಿ ಪಾಚಿ ಹುಟ್ಟಿ, ಲೋಳೆಯಾಗಿ, ಸಣ್ಣಿಯ ಮೈಗೆ ಸುತ್ತಿಕೊಂಡಿತು. ನಾಲ್ಕು ಎಳೆಯಲ್ಲಿ ಒಂದು ಕೊಳೆಯಿತು. ಆಮೇಲೆ ಇನ್ನೊಂದು.

ಆರಿದ್ರೆ ಮಳೆ ಮುಗಿಯುವ ಹೊತ್ತಿಗೆ ಉಳಿದದ್ದು ಎರಡೇ ಎಳೆ.

ಆ ದಿನ ದೂಮಕ್ಕ ಸೆಗಣಿಯ ಬುಟ್ಟಿ ಹಿಡಿದು ಬಂದಾಗ ಸಣ್ಣಿ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿತು. “ದೂಮಕ್ಕಾ! ನಾನು ಮರ್ಯಾದೆಗೆ ಹೇಳ್ತಾ ಇಲ್ಲ. ಸಾಕು ಅಂದರೆ ಸಾಕು. ಇನ್ನೊಂದು ಹಿಡಿ ಹಾಕಿದರೆ ನಾನು ಸಾಯ್ತೇನೆ, ನಿಮ್ಮ ತೋಡೂ ಹೋಗ್ತದೆ.”

ದೂಮಕ್ಕನ ಕೈ ಅಲ್ಲೇ ನಿಂತಿತು. ಹೀಗೆ ಮುಖಕ್ಕೆ ಹೊಡೆದಂತೆ ಹೇಳಿದ ನೆಂಟರನ್ನು ಅವಳು ನೋಡಿರಲಿಲ್ಲ. ಸಿಟ್ಟು ಬಂತು. ಆದರೆ ತೋಡಿನ ಮಾತು ಕೇಳಿ ಸಿಟ್ಟು ಇಳಿಯಿತು.

“ಹಾಗಾದರೆ ನಿನಗೆ ಬೇಕಾದ್ದು ಎಂಥದು?”

“ಏನೂ ಇಲ್ಲದ ನೀರು. ಮಳೆಯಿಂದ ಬಿದ್ದದ್ದು, ಹಾಗೇ. ಮತ್ತೆ ಬಿಸಿಲು. ಇರುವ ಬಿಸಿಲೆಲ್ಲ.”

ದೂಮಕ್ಕ ಬುಟ್ಟಿಯನ್ನು ಬಾಳೆಯ ಬುಡಕ್ಕೆ ಸುರಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಒಂದು ತಿಂಗಳು ಅವಳು ತನ್ನಲ್ಲಿ ಇದ್ದದ್ದನ್ನು ಕೊಟ್ಟಿದ್ದಳು. ಬಂದವರಿಗೆ ಬೇಕಾದ್ದೇನು ಅಂತ ಕೇಳಿರಲಿಲ್ಲ. ಉದ್ದ ಕೂಳಿ ಬೇಕೆಂದವನಿಗೆ ಗಿಡ್ಡ ಕೂಳಿ ಕೊಟ್ಟರೆ ಅವನು ಮುಂದಿನ ಮಳೆಗೆ ಬರುತ್ತಾನಾ? ಇಷ್ಟು ಸಣ್ಣ ವಿಷಯ ಅವಳಿಗೆ ಗೊತ್ತಿರಬೇಕಿತ್ತು.

ಊರ ಮೇಲೆ ಒಂದು ಪದವು ಇತ್ತು. ಪದವು ಅಂದರೆ ಮುರಕಲ್ಲಿನ, ಕೆಂಪು ಜಂಬಿಟ್ಟಿಗೆ ಕಲ್ಲಿನ, ಬೋಳು ಬಯಲು. ಅಲ್ಲಿ ಮರವಿಲ್ಲ, ನೆರಳಿಲ್ಲ, ಒಂದು ಬೆರಳಿನಷ್ಟೂ ಮಣ್ಣಿಲ್ಲ. ಮಳೆಗಾಲದಲ್ಲಿ ಕಲ್ಲಿನ ತಗ್ಗುಗಳಲ್ಲಿ ತೆಳ್ಳಗೆ ನೀರು ನಿಲ್ಲುತ್ತದೆ, ಬೇಸಗೆಯಲ್ಲಿ ಕಾವಲಿಯಂತೆ ಕಾಯುತ್ತದೆ. ಆ ಜಾಗವನ್ನು ಯಾರೂ ಕೇಳಿರಲಿಲ್ಲ.

“ಎಲ್ಲರೂ ಸಾಕಿದ್ದನ್ನು ನೆರಳಲ್ಲಿ ಇಡ್ತಾರೆ. ನೀನು ಕಾವಲಿ ಮೇಲೆ ಇಡ್ತಿ” ಅಂದ ಮುಂಡಪ್ಪ.

“ದೋಸೆಗೆ ಕಾವಲಿಯೇ ಬೇಕಲ್ಲ” ಅಂದಳು ದೂಮಕ್ಕ. ಬಾಯಲ್ಲಿ ಅಂದಳು, ಒಳಗೆ ಅವಳಿಗೂ ನಂಬಿಕೆ ಇರಲಿಲ್ಲ.

ಪದವಿನ ನಡುವೆ ಒಂದು ತಗ್ಗಿನಲ್ಲಿ ಸಣ್ಣಿಯನ್ನು ಬಿಟ್ಟಳು. ಮೋಡ ಸರಿದು ಸೂರ್ಯ ಕೆಳಗೆ ನೋಡಿದ.

“ಯಾರದು? ಇಲ್ಲಿಗೆ ಯಾರೂ ಬರುವುದಿಲ್ಲವಲ್ಲ!”

“ನಾನು ಸಣ್ಣಿ. ಬಿಸಿಲು ಬೇಕಿತ್ತು.”

“ಎಷ್ಟು?”

“ಎಷ್ಟಿದೆ?”

ಸೂರ್ಯನಿಗೆ ಖುಷಿಯೋ ಖುಷಿ. ಕಾಡಿನಲ್ಲಿ ಅವನ ಬಿಸಿಲಿಗೆ ಮರಗಳ ಜಗಳ, ಪದವಿನಲ್ಲಿ ರಾಶಿ ಬಿದ್ದದ್ದನ್ನು ಕೇಳುವವರಿರಲಿಲ್ಲ. ಮೋಡ ಬಿಟ್ಟಾಗಲೆಲ್ಲ ಅವನು ಸಣ್ಣಿಯ ಮೇಲೆ ಧಾರಾಳವಾಗಿ ಸುರಿದ. ಪಾಚಿ ಕಳಚಿಹೋಯಿತು. ಎರಡು ಎಳೆ ನಾಲ್ಕಾಯಿತು, ನಾಲ್ಕು ಎಂಟಾಯಿತು. ಸಣ್ಣಿ ಹಸಿರಾಗಿ, ಗಟ್ಟಿಯಾಗಿ, ಕಲ್ಲಿನ ಮೇಲೆ ಬಲೆಯಂತೆ ಹರಡಿತು.

ಆದರೆ ಮೊಗ್ಗು ಬರಲಿಲ್ಲ.

ಬಿಸಿಲು ಶಕ್ತಿ ಕೊಡುತ್ತದೆ, ಊಟ ಕೊಡುವುದಿಲ್ಲ. ಬೀಜ ಕಟ್ಟಬೇಕಾದರೆ ಹೊಟ್ಟೆಗೆ ಏನಾದರೂ ಬೇಕು. ಕಲ್ಲಿನಲ್ಲಿ ಸಾರವಿಲ್ಲ, ಮಳೆನೀರಿನಲ್ಲಿ ಸಾರವಿಲ್ಲ.

“ಬಿಸಿಲು ಕುಡಿದು ಬದುಕುವವಳನ್ನು ಈಗಲೇ ನೋಡಿದ್ದು” ಅಂದಿತು ತಗ್ಗಿನ ಅಂಚಿನ ಕಪ್ಪೆ. “ಬೇರು ಇಲ್ಲ, ಬಾಯಿ ಇಲ್ಲ, ಹೊಟ್ಟೆ ಮಾತ್ರ ಉಂಟು. ಪಾಪ, ಪಾಪ, ಪಾಪ.”

 ಸಣ್ಣಿ ನೀರನ್ನು ನೋಡುತ್ತಿತ್ತು. ನೀರಿನಲ್ಲಿ ಧೂಳಿನಷ್ಟು ಸಣ್ಣ ಹುಳಗಳು ಕುಣಿಯುತ್ತಿದ್ದವು. ಸಾವಿರಾರು ಹುಳ. ಸಾರ ಇದ್ದದ್ದು ಅಲ್ಲಿ, ಈಜಾಡುತ್ತಾ ಇತ್ತು.

ಮರುದಿನ ದೂಮಕ್ಕ ಬಂದಾಗ ಸಣ್ಣಿ ಕೇಳಿತು: “ನಿಮಗೂ ಕಾಲು ನೀರಿಗೆ ಇಳಿಸಿದರೆ ಮೀನು ಸಿಕ್ಕುವುದಿಲ್ಲವಲ್ಲ. ಮತ್ತೆ ಹೇಗೆ ಹಿಡೀತೀರಿ?”

“ಕೂಳಿ ಇಡ್ತೇನೆ.”

“ನನಗೆ ನೇಯಲು ಕಲಿಸಿ.”

ಕಸುಬಿನ ಗುಟ್ಟು ಹೊರಗಿನವರಿಗೆ ಬಿಡುವ ಹೆಂಗಸಲ್ಲ ದೂಮಕ್ಕ. ಒಂದು ಗಳಿಗೆ ಯೋಚಿಸಿದಳು. ಈ ಗಿಡ ಮೀನು ಹಿಡಿದು ತನ್ನ ಗಿರಾಕಿಗಳನ್ನು ಕಸಿಯುವಷ್ಟು ದೊಡ್ಡದಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, ಮನೆಯಿಂದ ತಂದ ಬಿದಿರ ಕಡ್ಡಿಗಳಿಂದ ಕೂಳಿ ನೇಯ್ದು ತೋರಿಸಿದಳು.

“ನೋಡು, ಹೊಟ್ಟೆ ಅಗಲ. ಬಾಯಿ ಕಿರಿದು. ಬಾಯಿಯ ಸುತ್ತ ಈ ಕಡ್ಡಿಗಳು ಒಳಮುಖವಾಗಿ ಬಾಗಬೇಕು. ಬರುವವರಿಗೆ ಬಾಗಿಲು, ಹೋಗುವವರಿಗೆ ಗೋಡೆ. ಇಷ್ಟೇ ಗುಟ್ಟು.”

ಸಣ್ಣಿ ತನ್ನ ಎಳೆಗಳ ತುದಿಯನ್ನೇ ಸುತ್ತಿ, ಮಡಿಸಿ, ಪುಟ್ಟ ಪುಟ್ಟ ಚೀಲ ನೇಯ್ದಿತು. ಸಾಸಿವೆ ಕಾಳಿಗಿಂತ ಸಣ್ಣ ಚೀಲ. ಪ್ರತಿ ಚೀಲಕ್ಕೂ ಒಳಮುಖವಾಗಿ ಬಾಗುವ ಒಂದು ಬಾಗಿಲು. ಹತ್ತು ನೇಯ್ದಿತು, ನೂರು ನೇಯ್ದಿತು, ನೀರಿನಲ್ಲಿ ಹರವಿ ಕಾದಿತು.

ಒಂದು ದಿನ ಕಾದಿತು. ಎರಡು ದಿನ ಕಾದಿತು. ಹುಳಗಳು ಚೀಲದ ಪಕ್ಕ ಬಂದವು, ಮೂಸಿದವು, ಹೋದವು. ಒಂದೂ ಒಳಗೆ ಬರಲಿಲ್ಲ.

ಕಪ್ಪೆ ಹೊಟ್ಟೆ ಹಿಡಿದು ನಕ್ಕಿತು. “ನೂರು ಬಾಯಿ ಆಯ್ತು, ಈಗ ನೂರು ಹೊಟ್ಟೆಯೂ ಖಾಲಿ!”

ದೂಮಕ್ಕ ಬಗ್ಗಿ ಚೀಲಗಳನ್ನು ನೋಡಿದಳು. ನೇಯ್ಗೆಯಲ್ಲಿ ಕುಂದಿಲ್ಲ. ತಾನೇ ನೇಯ್ದಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಮತ್ತೆ ಯಾಕೆ? ಸುತ್ತ ನೋಡಿದಳು, ಹಣೆಗೆ ಹೊಡೆದುಕೊಂಡಳು.

“ನನ್ನ ಬುದ್ಧಿಗೆ ಇಷ್ಟು! ಕೂಳಿಗೆ ಮೀನು ತಾನಾಗಿ ಬರುವುದಿಲ್ಲ ಮಾರಾಯ್ತಿ, ಹರಿಯುವ ನೀರು ದೂಡಿಕೊಂಡು ಬಂದು ಹಾಕ್ತದೆ. ಇಲ್ಲಿ ನೀರು ನಿಂತಿದೆ. ತೋಡು ಇಲ್ಲದೆ ಕೂಳಿ ಇಟ್ಟರೆ ಏನು ಬಂತು?”

ಗಾಳಿ ಅತ್ತ ಹಾದುಹೋಗುತ್ತಿತ್ತು. ದೂಮಕ್ಕ ಕರೆದಳು. “ಗಾಳಿರಾಯಾ, ಈ ನೀರನ್ನು ಸ್ವಲ್ಪ ಹರಿಸಿ ಕೊಡ್ತೀಯಾ?”

ಗಾಳಿ ಊದಿತು. ನೀರು ಹರಿಯಲಿಲ್ಲ, ಅಲೆ ಎದ್ದು ಸಣ್ಣಿಯನ್ನೇ ಎತ್ತಿ ಕಲ್ಲಿಗೆ ಬಡಿಯಿತು. ಇಪ್ಪತ್ತು ಚೀಲ ಹರಿದವು.

“ಸಾಕು ಸಾಕು, ಹೋಗು ನೀನು!” ಅಂದಳು ದೂಮಕ್ಕ.

ಕೂಗಿ ಕೂಗಿ ಅವಳಿಗೆ ಬಾಯಾರಿತು. ಸೊಂಟದ ಸೋರೆಬುರುಡೆ ಬರಿದಾಗಿತ್ತು. ಅದರ ಕಿರಿದಾದ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ತಗ್ಗಿನ ನೀರೊಳಗೆ ಮುಳುಗಿಸಿ, ಬೆರಳು ತೆಗೆದಳು. ನೀರು ಗುಳುಗುಳು ಎಂದು ಒಳಗೆ ನುಗ್ಗಿತು. ಎತ್ತಿ ಒಂದು ಗುಟುಕು ಕುಡಿದವಳು ಉಗಿದುಬಿಟ್ಟಳು.

“ಥೂ! ಬರೀ ಹುಳ!”

ಸಣ್ಣಿ ಎಳೆಎಳೆಯಾಗಿ ನಿಮಿರಿತು. “ದೂಮಕ್ಕ, ಇನ್ನೊಮ್ಮೆ ಮಾಡಿ.”

“ಉಗಿಯುವುದಾ?”

“ಅಲ್ಲ. ಬುರುಡೆ ಮುಳುಗಿಸುವುದು.”

ದೂಮಕ್ಕ ಬುರುಡೆ ಬರಿದು ಮಾಡಿ ಮತ್ತೆ ಮುಳುಗಿಸಿದಳು. ಬೆರಳು ತೆಗೆದ ಕೂಡಲೇ ಬಾಯಿಯ ಸುತ್ತಲಿನ ನೀರು ಓಡಿಬಂತು, ನೀರಿನ ಜೊತೆ ಹುಳಗಳೂ ಓಡಿಬಂದವು. ಓಡಿ ಬರಬೇಕೆಂದು ಯಾವ ಹುಳವೂ ಬಯಸಿರಲಿಲ್ಲ.

“ತೋಡು ಬೇಕಿಲ್ಲ” ಅಂದಿತು ಸಣ್ಣಿ ಮೆಲ್ಲಗೆ. “ಬರಿದಾಗಿದ್ದರೆ ಸಾಕು. ನನ್ನ ಚೀಲಗಳು ಮೊದಲೇ ನೀರು ತುಂಬಿಕೊಂಡು ಕೂತಿವೆ. ತುಂಬಿದ ಮನೆಗೆ ಯಾರು ನುಗ್ಗುತ್ತಾರೆ?”

 ಇದು ದೂಮಕ್ಕನ ಅಜ್ಜಿಗೂ ಹೊಳೆಯದ ವಿಷಯ.

ಆದರೆ ನೀರಿನೊಳಗೆ ಇರುವ ಚೀಲದಿಂದ ನೀರನ್ನು ಹೊರಗೆ ಹಾಕುವುದು ಸುಲಭವಾ? ಮಳೆಯಲ್ಲಿ ತೋಯುತ್ತಾ ಬಟ್ಟೆ ಹಿಂಡಿದ ಹಾಗೆ. ಅದಕ್ಕೆ ಶಕ್ತಿ ಬೇಕು, ದಿನವಿಡೀ ಬೇಕು. ಸಣ್ಣಿ ಮೇಲೆ ನೋಡಿತು.

“ಸೂರ್ಯಣ್ಣಾ, ಇನ್ನೂ ಉಂಟಾ?”

“ಉಂಟಾ ಅಂತ ಕೇಳ್ತೀಯಲ್ಲ! ತಕ್ಕೋ!”

ಬಿಸಿಲು ಎಳೆಗಳಿಗೆ ಇಳಿಯಿತು, ಎಳೆಗಳಿಂದ ಚೀಲಕ್ಕೆ ಇಳಿಯಿತು. ಸಣ್ಣಿ ಚೀಲದ ಬಾಗಿಲು ಬಿಗಿದು, ಒಳಗಿನ ನೀರನ್ನು ಹನಿಹನಿಯಾಗಿ ಗೋಡೆಯ ಮೂಲಕ ಹಿಂಡಿ ಹೊರಗೆ ಹಾಕಿತು. ಚೀಲದ ಎರಡು ಪಕ್ಕ ಹಸಿದವರ ಕೆನ್ನೆಯಂತೆ ಒಳಗೆ ಎಳೆದುಕೊಂಡವು. ಬಾಗಿಲ ಮುಂದೆ ನಾಲ್ಕು ಕೂದಲು ನಿಲ್ಲಿಸಿತು; ಯಾರಾದರೂ ಅದನ್ನು ಮುಟ್ಟಿದರೆ ಅಗಳಿ ಜಾರಬೇಕು.

ಒಂದು ಹುಳ ಕುಣಿಯುತ್ತಾ ಬಂತು. ಕೂದಲು ಮುಟ್ಟಿತು.

ಪಟ್!

ಹುಳ ಇಲ್ಲ. ಬಾಗಿಲು ಮುಚ್ಚಿದೆ. ಚೀಲ ಉಬ್ಬಿದೆ.

“ಎಲ್ಲಿ ಹೋಯ್ತು?” ಅಂದಿತು ಕಪ್ಪೆ.

ಪಟ್! ಇನ್ನೊಂದು. ಪಟ್! ಮತ್ತೊಂದು. ಕಪ್ಪೆ ಒಂದು ಹೆಜ್ಜೆ ಹಿಂದೆ ಸರಿದು, ತನ್ನ ಕಾಲುಗಳನ್ನು ನೀರಿನಿಂದ ಮೇಲೆ ಎಳೆದುಕೊಂಡಿತು.

ಮಘೆ ಮಳೆಯ ಹೊತ್ತಿಗೆ ಸಣ್ಣಿಗೆ ಮೊದಲ ಮೊಗ್ಗು ಬಂತು. ಯಾವ ಬಣ್ಣ ಎಂದು ಹೇಳಲಾಗದಷ್ಟು ಚಿಕ್ಕದು. ದೂಮಕ್ಕ ಆ ದಿನ ಗಂಡನಿಗೆ ಎರಡು ಮೀನು ಹೆಚ್ಚು ಹುರಿದು ಹಾಕಿದಳು.

ಅಷ್ಟರಲ್ಲಿ ಹುಬ್ಬೆ ಮಳೆ ಹಿಡಿಯಿತು.

ಹುಬ್ಬೆ ಮಳೆ ಗುಬ್ಬಿ ನೆನೆಯದಷ್ಟು ಬಂದರೂ ಬಂತು, ಗುಡ್ಡ ಜಾರುವಷ್ಟು ಬಂದರೂ ಬಂತು. ಆ ವರ್ಷ ಗುಡ್ಡ ಜಾರುವಷ್ಟು ಬಂತು. ಹನ್ನೊಂದು ದಿನ ಕಳೆದರೂ ಸೂರ್ಯನ ಮುಖವಿಲ್ಲ. ಹಗಲೂ ಹೊಗೆ ಹಿಡಿದ ಅಟ್ಟದಂತೆ ಕಪ್ಪು. ಬಿಸಿಲಿಲ್ಲದೆ ಸಣ್ಣಿಗೆ ಚೀಲ ಹಿಂಡಲು ಆಗಲಿಲ್ಲ. ಒಂದೊಂದೇ ಚೀಲ ನೀರು ತುಂಬಿಕೊಂಡು ಸುಮ್ಮನಾಯಿತು. ಮೊಗ್ಗು ಬಾಡಿ ತಲೆ ವಾಲಿಸಿತು.

ಮುಂಡಪ್ಪ ದಿನಗಳನ್ನು ಲೆಕ್ಕ ಹಾಕಿದ. “ಇನ್ನು ಉತ್ತರೆ, ಹಸ್ತ, ಚಿತ್ತೆ. ಮೂರು ಮಳೆ ಉಂಟು. ಗಿಡ ಸಾಯ್ತಾ ಉಂಟು. ಒಂದು ಪಾತ್ರೆ ಗಂಜಿ ಹೊಯ್ದರೆ ಏನಾಗ್ತದೆ? ಉಪವಾಸ ಸಾಯುವುದಕ್ಕಿಂತ ಉಂಡು ಸಾಯಲಿ.”

“ಅದು ಬೇಡ ಅಂದಿದೆ.”

“ಹೊಟ್ಟೆ ತುಂಬಿದಾಗ ಬೇಡ ಅಂದದ್ದು. ಈಗ ಹಸಿದಿದೆ. ತೋಡು ನಮ್ಮದು ಮಾರಾಯ್ತಿ, ಅದರದ್ದಲ್ಲ.”

ಈ ಮಾತು ದೂಮಕ್ಕನ ಒಳಗೆ ಮುಳ್ಳಿನಂತೆ ಕೂತಿತು. ಹನ್ನೊಂದನೆಯ ದಿನ ಅವಳು ಮಳೆಗೆ ಎಲೆಯ ಗೊರಬು ಹೊದ್ದು, ಬಿಸಿ ಗಂಜಿಯ ಮಡಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪದವು ಹತ್ತಿದಳು. ಮಳೆಯಲ್ಲಿ ಕಲ್ಲು ಜಾರುತ್ತಿತ್ತು. ತಗ್ಗಿನ ಬಳಿ ಕೂತು ನೋಡಿದರೆ, ಸಣ್ಣಿ ಹುಡುಕಬೇಕಾದಷ್ಟು ಮಂಕಾಗಿತ್ತು.

“ಸಣ್ಣಿ, ತೆಳ್ಳಗಿನ ಗಂಜಿ. ಉಪ್ಪೂ ಹಾಕಿಲ್ಲ. ಒಂದೇ ಗುಟುಕು.”

“ಬೇಡ ದೂಮಕ್ಕ.”

“ಮೊಗ್ಗು ಬಿದ್ದರೆ?”

“ಬಿದ್ದರೆ ಬೀಳಲಿ, ಬಿಸಿಲು ಬಂದರೆ ಇನ್ನೊಂದು ಬರ್ತದೆ. ಗಂಜಿ ಬಿದ್ದರೆ ಪಾಚಿ ಬರ್ತದೆ, ಆಮೇಲೆ ಯಾವುದೂ ಬರುವುದಿಲ್ಲ.”

“ಬಿಸಿಲು ಬರದಿದ್ದರೆ?”

 “ಹೊಣೆ ನಿಂತದ್ದು ನೀವು. ಮಡಕೆ ನಿಮ್ಮ ಕೈಯಲ್ಲಿ ಉಂಟು. ನಾನು ತಡೆಯಲಾರೆ.”

 ದೂಮಕ್ಕನ ಎದುರು ಒಂದು ಜೀವ ಹಸಿದು ಕೂತಿದೆ, ಕೈಯಲ್ಲಿ ಬಿಸಿ ಗಂಜಿ ಇದೆ. ಅವಳ ತಾಯಿ, ತಾಯಿಯ ತಾಯಿ, ಯಾರೂ ಇಂಥ ಹೊತ್ತಿನಲ್ಲಿ ಮಡಕೆ ವಾಪಸು ತಂದವರಲ್ಲ. ಬಡಿಸುವುದು ಅವಳಿಗೆ ಉಸಿರಾಟದಷ್ಟು ಸುಲಭ. ಬಡಿಸದೆ ಇರುವುದು, ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಅವಳು ಮಡಕೆಯನ್ನು ತನ್ನ ಬಾಯಿಗೇ ಎತ್ತಿ ಗಂಜಿಯನ್ನೆಲ್ಲ ಕುಡಿದುಬಿಟ್ಟಳು. ಕಣ್ಣಲ್ಲಿ ನೀರು ಬಂತು, ಗಂಜಿ ಬಿಸಿಯಾಗಿತ್ತು.

“ಆಯ್ತು” ಅಂದಳು. “ಇನ್ನು ನಾನು ಮೇಲೆ ಬರುವುದಿಲ್ಲ. ಬಂದರೆ ಕೈ ಸುಮ್ಮನಿರುವುದಿಲ್ಲ.”

ಕೆಳಗೆ ಇಳಿದು ಬಂದು ಬಾಗಿಲು ಹಾಕಿಕೊಂಡು ಕೂಳಿ ನೇಯುತ್ತಾ ಕೂತಳು. ನೇಯ್ದಳು, ಬಿಚ್ಚಿದಳು, ಮತ್ತೆ ನೇಯ್ದಳು. ಮುಂಡಪ್ಪ ಏನೋ ಹೇಳಲು ಬಂದವನು ಅವಳ ಮುಖ ನೋಡಿ ದನದ ಹಟ್ಟಿಯ ಕಡೆ ಹೋದ.

ಉತ್ತರೆ ಮಳೆ ಕಾಲಿಟ್ಟ ಮೂರನೆಯ ದಿನ ಮೋಡ ಹರಿಯಿತು. ಅಂಥ ಬಿಸಿಲನ್ನು ಆ ಸೀಮೆ ಕಂಡಿರಲಿಲ್ಲ. ಅಷ್ಟೂ ದಿನದ ಬಾಕಿಯನ್ನೆಲ್ಲ ಸೂರ್ಯ ಒಮ್ಮೆಗೇ ಸುರಿದ. ಅಂಗಳದಲ್ಲಿ ಹೊಗೆಯಂತೆ ಹಬೆ ಎದ್ದಿತು. ದೂಮಕ್ಕ ತಲೆ ಎತ್ತಲಿಲ್ಲ. ಒಂದು ವಾರ ಎತ್ತಲಿಲ್ಲ. ಎಂಟನೆಯ ದಿನ ಕಪ್ಪೆ ಅಂಗಳಕ್ಕೆ ಕುಪ್ಪಳಿಸಿ ಬಂತು.

“ದೂಮಕ್ಕ, ಬರಬೇಕಂತೆ. ನಾನೇ ಬಂದು ಹೇಳಬೇಕಾಯ್ತು. ನನಗೆ ಬೇರೆ ಕೆಲಸ ಇಲ್ಲವಾ?”

ದೂಮಕ್ಕ ಪದವು ಹತ್ತಿದಳು. ಮುಂಡಪ್ಪನೂ ಹಿಂದೆಯೇ ಹತ್ತಿದ. ಮೇಲೆ ಬಂದವರು ಅಲ್ಲೇ ನಿಂತರು.

ಬೋಳುಕಲ್ಲು ನೀಲಿಯಾಗಿತ್ತು. ಕಡುನೀಲಿ. ಒಂದೊಂದು ಹೂವೂ ಕಿರುಬೆರಳ ಉಗುರಿನಷ್ಟು. ಆದರೆ ತಗ್ಗಿನಿಂದ ತಗ್ಗಿಗೆ ಹರಡಿ, ಕಣ್ಣು ಹೋದಷ್ಟು ದೂರ ಹೂವೇ ಹೂ. ನೀರಿನೊಳಗೆ ಪಟ್, ಪಟ್, ಪಟ್ ಎಂದು ಸಾವಿರ ಚೀಲಗಳ ಸದ್ದು.

“ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ” ಅಂದ ಮುಂಡಪ್ಪ. “ಇದು ಕೈ ಕಟ್ಟಿ ಕೂತದ್ದಕ್ಕೆ ಬಂದ ಮೊಸರು.”

“ಕೈ ಕಟ್ಟಿ ಕೂತು ನೋಡಿ ಒಮ್ಮೆ, ಎಷ್ಟು ನೋಯ್ತದೆ ಅಂತ ಗೊತ್ತಾಗ್ತದೆ” ಅಂದಳು ದೂಮಕ್ಕ.

ಹಸ್ತ ಮಳೆಯಲ್ಲಿ ಹೂ ಉದುರಿ ಕಾಯಿ ಕಟ್ಟಿತು. ಚಿತ್ತೆ ಮಳೆಯಲ್ಲಿ ಕಾಯಿ ಒಡೆಯಿತು. ಕೊನೆಯ ಹನಿ ಬೀಳುವ ದಿನ ನೆಲದಮ್ಮ ಪದವಿಗೆ ಬಂದಳು. ಬಗ್ಗಿ, ಕಲ್ಲಿನ ಬಿರುಕಿಗೆ ಬೆರಳು ಹಾಕಿ ಎತ್ತಿದಳು. ಬೆರಳ ತುದಿಯಲ್ಲಿ ಹುಡಿಯಂಥ ಬೀಜ.

“ಉದುರಿದೆ” ಅಂದಳು. “ದೂಮಕ್ಕ, ಬಿದಿರು ನಿನ್ನದು, ತೋಡೂ ನಿನ್ನದು. ಸಣ್ಣಿ, ಪದವು ನಿನ್ನದು. ಯಾರಿಗೂ ಬೇಡದ ಜಾಗದಲ್ಲಿ ಇಷ್ಟು ಚಂದ ಕೂತಿದ್ದೀಯ. ಕೇಳು, ಬೇಕಾದರೆ ಈಗ ಒಂದು ಬೇರು ಕೊಡ್ತೇನೆ. ಗಟ್ಟಿ ಬೇರು.”

ಸಣ್ಣಿ ಯೋಚಿಸಿತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಗಿಡವಲ್ಲ ಅದು.

“ಬೇರು ಬಂದರೆ ಅದಕ್ಕೆ ಮಣ್ಣು ಬೇಕು” ಅಂದಿತು. “ಮಣ್ಣು ಬಂದರೆ ಹುಲ್ಲು ಬರ್ತದೆ, ಹುಲ್ಲು ಬಂದರೆ ಪೊದೆ, ಪೊದೆ ಬಂದರೆ ಮರ. ಮರ ಬಂದರೆ ನೆರಳು ಬರ್ತದೆ ಅಮ್ಮ. ನೆರಳು ಬಂದರೆ ನನ್ನ ಕಥೆ ಮುಗೀತು. ನನಗೆ ಇರುವ ಚೀಲಗಳೇ ಇರಲಿ.”

“ಬೇಸಗೆಯಲ್ಲಿ ನೀರು ಆರಿದರೆ?”

“ಬೀಜವಾಗಿ ಬಿರುಕಿನಲ್ಲಿ ಮಲಗಿರ್ತೇನೆ. ಮಳೆ ಬಂದರೆ ಎಬ್ಬಿಸಲಿ.”

ನೆಲದಮ್ಮ ದೂಮಕ್ಕನನ್ನು ನೋಡಿದಳು. ದೂಮಕ್ಕ ಹೆಮ್ಮೆಯಿಂದ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೂ ಅಂದಳು: “ಇದಕ್ಕೆ ಕಾಲು ಇದ್ದಿದ್ದರೆ ಚೌಕಾಸಿ ಮಾಡಲು ಸಂತೆಗೆ ಕರೆದುಕೊಂಡು ಹೋಗ್ತಿದ್ದೆ.”

ಆಮೇಲೆ ಸಣ್ಣಿಯ ಬೀಜ ಗಾಳಿಯಲ್ಲಿ, ಹರಿಯುವ ನೀರಿನಲ್ಲಿ, ದನದ ಗೊರಸಿಗೆ ಮೆತ್ತಿಕೊಂಡು ದೂರ ದೂರದ ಪದವುಗಳಿಗೆ ಹೋಯಿತು. ಹೋದಲ್ಲೆಲ್ಲ ಅದು ಕೇಳಿದ್ದು ಎರಡೇ: ಬರೀ ನೀರು, ಪೂರ್ತಿ ಬಿಸಿಲು.

ಅದಕ್ಕೇ ಮಕ್ಕಳೇ, ಮಳೆಗಾಲದ ಕೊನೆಗೆ ಬೋಳು ಮುರಕಲ್ಲಿನ ಮೇಲೆ ಸುಡು ಬಿಸಿಲಿನಲ್ಲಿ ಉಗುರಿನಷ್ಟು ನೀಲಿ ಹೂವುಗಳು ನಗುತ್ತಾ ನಿಂತಿರುವುದು ನಿಮಗೆ ಇಂದಿಗೂ ಕಾಣುತ್ತದೆ, ಮತ್ತು ನೀವು ಬಗ್ಗಿ ಬುಡದ ನೀರಿನಲ್ಲಿ ಎಷ್ಟು ಹುಡುಕಿದರೂ ಬೇರು ಸಿಕ್ಕುವುದಿಲ್ಲ, ಸಿಕ್ಕುವುದು ಹುಳಕ್ಕಾಗಿ ಬಾಗಿಲು ಬಿಗಿದು ಕಾಯುತ್ತಿರುವ ಸಾಸಿವೆಯಂಥ ಚೀಲಗಳು ಮಾತ್ರ.